ಹಾಡು ಕಳಿಸೋದು, ಹಾಡು ಕೇಳಿಸೋದು: ಓವರ್ಚರ್‌ನಿಂದ ಕ್ಲಾಸಿಕ್ ರಾಕ್‌ವರೆಗೆ

ಗೆಳೆಯರಿಗೆ ಒಂದು ಹಾಡು ಕಳಿಸೋದು ಈಗ ಎರಡು ಸೆಕೆಂಡಿನ ಕೆಲಸ. ಲಿಂಕ್ ಕಾಪಿ ಮಾಡು, ಗ್ರೂಪಿಗೆ ಹಾಕು, ಪಕ್ಕದಲ್ಲಿ ಒಂದು ಬೆಂಕಿ ಇಮೋಜಿ ಇಡು. ಆ ಕಡೆಯಿಂದ "ಸಕತ್ ಗುರು" ಅಂತ ಉತ್ತರ ಬರೋಕೆ ಹತ್ತು ಸೆಕೆಂಡ್ ಸಾಕು. ಕಳಿಸಿದ ಸಂಗೀತದ ಉದ್ದ ಮಾತ್ರ ಹನ್ನೆರಡು ನಿಮಿಷ. ಉಳಿದ ಲೆಕ್ಕ ನೀವೇ ಹಾಕ್ಕೊಳ್ಳಿ, ಎಂಜಿನಿಯರಿಂಗ್ ಓದ್ತಿರೋರು.

ಕೇಳದೇ ಹೊಗಳಿದವರನ್ನ ಬೈಯೋದು ಸುಲಭ. ಆದರೆ ಇಂಟರ್ನಲ್ಸ್, ಲ್ಯಾಬ್ ರೆಕಾರ್ಡು, ಸಂಜೆ ಮೆಸ್ಸಿನ ಕ್ಯೂ, ಇವುಗಳ ಮಧ್ಯೆ ಗೊತ್ತಿಲ್ಲದ ಭಾಷೆಯ, ಗೊತ್ತಿಲ್ಲದ ಕಾಲದ ಹನ್ನೆರಡು ನಿಮಿಷದ ಸಂಗೀತವನ್ನ ಸುಮ್ಮನೆ ಯಾರು ಕೇಳ್ತಾರೆ? ಎಲ್ಲಿ ಕಿವಿ ಇಡಬೇಕು ಅಂತ ಕಳಿಸಿದವರೂ ಹೇಳಿರಲ್ಲ. ಈ ಲೇಖನ ಅದರ ಬಗ್ಗೆ. ಪಾಠಕ್ಕೆ ಆರಿಸಿಕೊಂಡಿರೋದು ಓವರ್ಚರ್ ಅನ್ನೋ ಒಂದು ಪ್ರಕಾರವನ್ನ, ಯಾಕಂದ್ರೆ ಅದು ಹುಟ್ಟಿದ್ದೇ ಗಮನ ಕೊಡದ ಜನರನ್ನ ಸಂಗೀತದ ಒಳಗೆ ಕರೆದುಕೊಳ್ಳೋಕೆ. ಸ್ಟಾಫ್ ನೊಟೇಶನ್ ಓದೋಕೆ ಬರಬೇಕಾಗಿಲ್ಲ. ಸರಿಯಾದ ಒಂದು ಹೆಡ್‌ಫೋನ್ ಬೇಕು, ಸ್ವಲ್ಪ ಬಿಡುವು ಬೇಕು, ಅಷ್ಟೇ.

ಮೊದಲು ಒಂದು ಕಾಗದದ ವಿಷಯ. 1829ರ ಆಗಸ್ಟ್‌ನಲ್ಲಿ ಫೆಲಿಕ್ಸ್ ಮೆಂಡೆಲ್ಸನ್ ಅನ್ನೋ ಜರ್ಮನ್ ಹುಡುಗ ಗೆಳೆಯನ ಜೊತೆ ಸ್ಕಾಟ್ಲೆಂಡಿಗೆ ಪ್ರವಾಸ ಹೋಗಿದ್ದ. ವಯಸ್ಸು 20, ನಮ್ಮ ಕ್ಯಾಂಪಸ್ಸಿನಲ್ಲಿದ್ದಿದ್ದರೆ ಐದನೇ ಸೆಮಿಸ್ಟರ್. ಪಶ್ಚಿಮ ತೀರದ ಹೆಬ್ರಿಡೀಸ್ ದ್ವೀಪಗಳು, ಕಪ್ಪು ಬಂಡೆ, ಮಂಜು, ಸದಾ ಹೊಯ್ದಾಡೋ ಸಮುದ್ರ. ಬರ್ಲಿನ್ನಿನಲ್ಲಿದ್ದ ಮನೆಯವರಿಗೆ ಅವನು ಆಗಸ್ಟ್ 7ರಂದು ಪತ್ರ ಬರೆದ. ಈ ಜಾಗ ನನ್ನ ಮೇಲೆ ಏನು ಪರಿಣಾಮ ಮಾಡಿತು ಅನ್ನೋದು ನಿಮಗೆ ಅರ್ಥ ಆಗಲಿ ಅಂತ, ಇಲ್ಲಿ ನನ್ನ ತಲೆಗೆ ಬಂದದ್ದನ್ನ ಕಳಿಸ್ತಿದ್ದೀನಿ ಅನ್ನೋ ಅರ್ಥದ ಒಂದು ಮಾತು ಬರೆದು, ಕೆಳಗೆ ಗೆರೆ ಎಳೆದು ಸ್ವರಗಳನ್ನೇ ಬರೆದುಬಿಟ್ಟ. ಆ ಕೆಲವು ಸಾಲುಗಳೇ ಮುಂದೆ 'ಹೆಬ್ರಿಡೀಸ್' ಓವರ್ಚರ್‌ನ ಆರಂಭ ಆದವು. 'ಫಿಂಗಲ್ಸ್ ಕೇವ್' ಅಂತಲೂ ಅದಕ್ಕೆ ಹೆಸರಿದೆ. (ಪಕ್ಕದಲ್ಲಿದ್ದ ಗೆಳೆಯ ಬರೆದಿರೋ ಪ್ರಕಾರ, ದೋಣಿಯಲ್ಲಿ ಮೆಂಡೆಲ್ಸನ್ನಿಗೆ ಹೊಟ್ಟೆ ತೊಳಸಿ ಸಾಕಾಗಿಹೋಗಿತ್ತಂತೆ. ಸಮುದ್ರದ ಮೇಲಿನ ಪ್ರೀತಿ ಎಲ್ಲ ಕಿವಿಯದ್ದು, ಹೊಟ್ಟೆಯದ್ದಲ್ಲ.)

ಆ ಸಂಗೀತ ಪೂರ್ತಿ ಸುಮಾರು ಹತ್ತು ನಿಮಿಷ. ಆದರೆ ಅವನು ಕಾಗದದಲ್ಲಿ ಕಳಿಸಿದ್ದು ಆರಂಭವನ್ನ ಮಾತ್ರ, ಅದೂ "ಇದು ಎಲ್ಲಿಂದ ಬಂತು" ಅನ್ನೋ ಒಂದು ಸುಳಿವಿನ ಜೊತೆ. ನೀವೂ ಅಷ್ಟರಿಂದಲೇ ಶುರು ಮಾಡಿ. ವಯೋಲಾ, ಚೆಲ್ಲೋ, ಬಸೂನ್, ಮೂರೂ ತಗ್ಗು ದನಿಯ ವಾದ್ಯಗಳು, ಒಂದು ಪುಟ್ಟ ಸ್ವರಗುಚ್ಛವನ್ನ ಮೇಲಿಂದ ಕೆಳಕ್ಕೆ ಇಳಿಸ್ತವೆ. ಅದನ್ನೇ ಮತ್ತೆ. ಆಮೇಲೆ ಅದನ್ನೇ ಒಂದು ಮೆಟ್ಟಿಲು ಮೇಲೆ ಇಟ್ಟು ಮತ್ತೆ. ಅಲೆ ದಡಕ್ಕೆ ಬಂದು ಹೋಗಿ ಬಂದು ಹೋಗಿ ಮಾಡೋ ಹಾಗೆ. ಇಡೀ ಹತ್ತು ನಿಮಿಷದಲ್ಲಿ ಆ ಇಳಿಜಾರಿನ ತುಣುಕು ಎಷ್ಟು ಸಲ, ಯಾವ ಯಾವ ವೇಷದಲ್ಲಿ ಬರುತ್ತೆ ಅಂತ ಹಿಡಿಯೋದೇ ಕೇಳೋ ಕೆಲಸ. ಪತ್ರ ಬರೆದ ಮೇಲೆ ಅದನ್ನ ಪೂರ್ತಿ ಮಾಡೋಕೆ ಅವನಿಗೆ ವರ್ಷಗಳು ಹಿಡಿದವು. ಮಧ್ಯದ ಭಾಗದಲ್ಲಿ ಮೀನೆಣ್ಣೆ, ಕಡಲಹಕ್ಕಿಗಳಿಗಿಂತ ವ್ಯಾಕರಣದ ವಾಸನೆಯೇ ಜಾಸ್ತಿ ಅಂತ ಅವನಿಗೇ ಬೇಸರ ಆಗಿ ತಿದ್ದಿದ. 1832ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಪ್ರಯೋಗ ಆಯಿತು.

ಈಗ ಓವರ್ಚರ್ ಅಂದ್ರೆ ಏನು ಅನ್ನೋದಕ್ಕೆ ಬರೋಣ. ಫ್ರೆಂಚಿನಲ್ಲಿ ಅದರ ಅರ್ಥ 'ತೆರೆಯೋದು', ಅಷ್ಟೇ. ಆಪೆರಾ ಅಂದ್ರೆ ಹಾಡಿನಲ್ಲೇ ನಡೆಯೋ ನಾಟಕ. ಪರದೆ ಏಳೋ ಮುಂಚೆ ವಾದ್ಯಗಳು ಮಾತ್ರ ನುಡಿಸೋ ಭಾಗವೇ ಓವರ್ಚರ್. ಮೊದಮೊದಲು ಇದರ ಉದ್ದೇಶ ಬಹಳ ಸರಳ: ಗದ್ದಲ ಮಾಡ್ತಿರೋ ಜನರನ್ನ ಸುಮ್ಮನಿರಿಸೋದು. ಮಾಂಟೆವರ್ಡಿಯ 'ಓರ್ಫಿಯೋ' 1607ರಲ್ಲಿ ಇಟಲಿಯ ಮಾಂಟುವಾದಲ್ಲಿ ನಡೆದಾಗ ಶುರುವಿನಲ್ಲಿ ಒಂದು ಕಹಳೆಯ ತುಣುಕು ಇತ್ತು. ಪರದೆ ಏಳೋ ಮುಂಚೆ ಅದನ್ನ ಮೂರು ಸಲ ಬಾರಿಸಬೇಕು ಅಂತ ಸ್ಕೋರ್‌ನಲ್ಲೇ ಬರೆದಿದೆ. ಕಾಲೇಜ್ ಡೇ ದಿನ ಮೈಕಿನಲ್ಲಿ "ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ" ಅಂತ ಮೂರು ಸಲ ಕೂಗೋದು ನೆನಪಾದರೆ ತಪ್ಪಿಲ್ಲ. ಕರಾವಳಿ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಯಕ್ಷಗಾನ ಶುರುವಾಗೋ ಮುಂಚೆ ಚೆಂಡೆ ಮದ್ದಳೆ ಬಾರಿಸಿ ಸುತ್ತಲ ಊರಿಗೆಲ್ಲ ಗೊತ್ತು ಮಾಡ್ತಾರಲ್ಲ, ಅದಕ್ಕೆ ಹೆಸರೇ 'ಕೇಳಿ'.

ಆದರೆ ಬರೀ ಸದ್ದು ಮಾಡಿ ಕರೆಯೋದಕ್ಕೂ, ಒಳಗೆ ಏನಿದೆ ಅಂತ ಸೂಚನೆ ಕೊಡೋದಕ್ಕೂ ವ್ಯತ್ಯಾಸ ಇದೆ. ಮುಂದೆ ನಡೆಯೋ ಕಥೆಯ ಸ್ವಭಾವವನ್ನ ಓವರ್ಚರ್ ಪ್ರೇಕ್ಷಕರಿಗೆ ತಿಳಿಸಬೇಕು ಅಂತ ಗ್ಲುಕ್ ಅನ್ನೋ ಸಂಗೀತಗಾರ ತನ್ನ 'ಆಲ್ಸೆಸ್ಟೆ' ಆಪೆರಾದ ಮುನ್ನುಡಿಯಲ್ಲಿ 1769ರಲ್ಲೇ ವಾದಿಸಿದ. ಮೊಜಾರ್ಟ್ 1787ರ 'ಡಾನ್ ಜಿಯೋವಾನಿ'ಯಲ್ಲಿ ಅದನ್ನ ಭಯಂಕರವಾಗಿ ಮಾಡಿ ತೋರಿಸಿದ. ಓವರ್ಚರ್‌ನ ಮೊದಲ ಏಟಿಗೇ ಬರೋ ಆ ಗಂಭೀರ ಸ್ವರಗಳು ಎರಡೂವರೆ ಗಂಟೆ ಕಳೆದು, ಸತ್ತವನ ಕಲ್ಲಿನ ಪ್ರತಿಮೆ ಊಟಕ್ಕೆ ಬಂದು ನಿಂತಾಗ ವಾಪಸ್ ಬರ್ತವೆ. ಗಮನ ಇಟ್ಟು ಕೇಳಿದವರ ಬೆನ್ನಲ್ಲಿ ಮಾತ್ರ ಚಳಿ ಹುಟ್ಟುತ್ತೆ.

ಎಲ್ಲರೂ ಇಷ್ಟು ಶಿಸ್ತಿನವರಾಗಿರಲಿಲ್ಲ ಅನ್ನಿ. ರೊಸ್ಸಿನಿಯ 'ಬಾರ್ಬರ್ ಆಫ್ ಸೆವಿಲ್' 1816ರಲ್ಲಿ ರೋಮಿನಲ್ಲಿ ಬಂತು, ಹೊಟ್ಟೆ ಹುಣ್ಣಾಗಿಸೋ ಹಾಸ್ಯ. ಅದರ ಓವರ್ಚರ್ ಕೇಳಿ "ಅಬ್ಬಾ, ಎಷ್ಟು ತುಂಟತನ" ಅಂತ ಜನ ಇವತ್ತಿಗೂ ಹೇಳ್ತಾರೆ. ಅಸಲಿಗೆ ಅದೇ ಓವರ್ಚರನ್ನ ಅವನು 1813ರಲ್ಲಿ ರೋಮನ್ ಚಕ್ರವರ್ತಿಯ ಗಂಭೀರ ಆಪೆರಾಕ್ಕೆ ಹಾಕಿದ್ದ, 1815ರಲ್ಲಿ ಇಂಗ್ಲೆಂಡಿನ ರಾಣಿಯ ಆಪೆರಾಕ್ಕೂ ಹಾಕಿದ್ದ. ಒಂದೇ ಅಸೈನ್‌ಮೆಂಟಿಗೆ ಮೂರು ಕವರ್ ಪೇಜ್. ಡೆಡ್‌ಲೈನ್ ಅನ್ನೋದು ಎಲ್ಲ ಕಾಲದಲ್ಲೂ ಒಂದೇ ಥರ ಕೆಲಸ ಮಾಡುತ್ತೆ.

ಅದೇ ರೊಸ್ಸಿನಿ ತನ್ನ ಕೊನೆಯ ಆಪೆರಾಕ್ಕೆ ಬರೆದ ಓವರ್ಚರ್ ಮಾತ್ರ ಬೇರೆಯೇ ಮಟ್ಟದ್ದು. 'ವಿಲಿಯಮ್ ಟೆಲ್', ಪ್ಯಾರಿಸ್, 1829. ಮೆಂಡೆಲ್ಸನ್ ಪತ್ರ ಬರೆದದ್ದೂ ಅದೇ ವರ್ಷ, ಅದೇ ತಿಂಗಳು. ಮಗನ ತಲೆ ಮೇಲಿದ್ದ ಸೇಬಿಗೆ ಬಾಣ ಬಿಟ್ಟ ಸ್ವಿಸ್ ಬಿಲ್ಲುಗಾರನ ಕಥೆ. ಸುಮಾರು ಹನ್ನೆರಡು ನಿಮಿಷ, ನಾಲ್ಕು ಭಾಗ. ಕೊನೆಯ ಮೂರು ನಿಮಿಷದ ಕುದುರೆ ಓಟ ನಿಮಗೆಲ್ಲ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ ಗೊತ್ತು: ಕಹಳೆ ಊದಿ, ಟಕಟಕ ಟಕಟಕ ಅಂತ ಓಡೋ ಆ ಸಂಗೀತ ಅಮೆರಿಕದ 'ಲೋನ್ ರೇಂಜರ್' ಧಾರಾವಾಹಿಯ ಟೈಟಲ್ ಆಗಿತ್ತು, ಆಮೇಲೆ ಕಾರ್ಟೂನು, ಜಾಹೀರಾತು, ಎಲ್ಲ ಕಡೆ ಬಂತು. ಕಳಿಸೋರು ಆ ಮೂರು ನಿಮಿಷವನ್ನ ಮಾತ್ರ ಕತ್ತರಿಸಿ ಕಳಿಸ್ತಾರೆ. ಅದು ಒಗ್ಗರಣೆ ಮಾತ್ರ ಬಡಿಸಿದ ಹಾಗೆ.

ಪೂರ್ತಿ ಕೇಳಿದರೆ ಸಿಗೋದು ಇದು. ಆರಂಭದಲ್ಲಿ ಇಡೀ ಆರ್ಕೆಸ್ಟ್ರಾ ಇರಲ್ಲ, ಐದೇ ಐದು ಚೆಲ್ಲೋ ಮುಂದೆ ನಿಲ್ತವೆ. ಬೆಟ್ಟದ ಊರಲ್ಲಿ ಇನ್ನೂ ಬೆಳಕು ಹರಿದಿಲ್ಲ. ಆಮೇಲೆ ಪಿಟೀಲುಗಳಲ್ಲಿ ಮಳೆಗಾಳಿ, ಟ್ರಾಂಬೋನಿನಲ್ಲಿ ಗುಡುಗು. ಬಿರುಗಾಳಿ ಕಳೆದ ಮೇಲೆ ಕೋರ್ ಆಂಗ್ಲೇ ಅನ್ನೋ ಓಬೋ ಜಾತಿಯ ವಾದ್ಯ ಸ್ವಿಸ್ ದನಗಾಹಿಗಳ ಧಾಟಿಯಲ್ಲಿ ಹಾಡುತ್ತೆ, ಕೊಳಲು ಸುತ್ತ ಹಾರಾಡುತ್ತೆ. ಇಲ್ಲಿಗೆ ಒಂಬತ್ತು ನಿಮಿಷದ ಹತ್ತಿರ. ಈ ನೆಮ್ಮದಿಯಲ್ಲಿ ಮೈಮರೆತಿರೋವಾಗ ಕಹಳೆ. ಒಂಬತ್ತು ನಿಮಿಷ ಕಾದವನಿಗೂ, ಕಾಯದೇ ಅಲ್ಲಿಗೇ ಜಿಗಿದವನಿಗೂ ಆ ಕಹಳೆ ಒಂದೇ ಥರ ಕೇಳಿಸೋದು ಸಾಧ್ಯವೇ ಇಲ್ಲ. ನಮ್ಮಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನೋ ಭೀಮಸೇನ ಜೋಶಿಯವರನ್ನೋ ಕೇಳಿ ಬೆಳೆದ ಧಾರವಾಡ ಕಡೆಯ ಹುಡುಗರಿಗೆ ಈ ಐದು ಚೆಲ್ಲೋ ನಿಧಾನ ಅಂತ ಅನ್ನಿಸೋದೇ ಇಲ್ಲ. ಆಲಾಪದ ಅಭ್ಯಾಸ ಇದ್ದ ಕಿವಿ ಅದು.

ಇಲ್ಲಿ ಒಂದು ತಾಂತ್ರಿಕ ಮಾತು ಹೇಳಲೇಬೇಕು. ಚೆಲ್ಲೋದ ಅತಿ ತಗ್ಗಿನ ತಂತಿ ಸುಮಾರು 65 ಹರ್ಟ್ಜ್. ಫೋನಿನ ಸ್ಪೀಕರ್‌ನ ಡಯಾಫ್ರಾಮ್ ಉಗುರಿನಷ್ಟಿರುತ್ತೆ. ಅಷ್ಟು ಗಾಳಿಯನ್ನ ತಳ್ಳೋ ಶಕ್ತಿ ಅದಕ್ಕಿಲ್ಲ. ನಿಮಗೆ ಕೇಳಿಸೋದು ಮೂಲ ಸ್ವರ ಅಲ್ಲ, ಅದರ ಮೇಲಿನ ಹಾರ್ಮೋನಿಕ್ಸ್. ಉಳಿದದ್ದನ್ನ ಮಿದುಳು ಊಹಿಸಿಕೊಳ್ಳುತ್ತೆ. ಎರಡನೇದು ಡೈನಾಮಿಕ್ ರೇಂಜ್, ಅಂದ್ರೆ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ಇರೋ ಅಂತರ. 16 ಬಿಟ್ ಸಿಡಿಯಲ್ಲಿ ಅದು ಸಿದ್ಧಾಂತದ ಲೆಕ್ಕಕ್ಕೆ ಸುಮಾರು 96 ಡೆಸಿಬೆಲ್. ಇತ್ತೀಚಿನ ಪಾಪ್ ಹಾಡುಗಳನ್ನ ಕಂಪ್ರೆಸ್ ಮಾಡಿ ಅದರ ಚಿಕ್ಕದೊಂದು ಪಟ್ಟಿಯೊಳಗೇ ತುರುಕಿರ್ತಾರೆ, ಅದಕ್ಕೇ ಬಸ್ಸಿನಲ್ಲೂ ಚೆನ್ನಾಗಿ ಕೇಳಿಸುತ್ತೆ. 'ವಿಲಿಯಮ್ ಟೆಲ್' ಬಸ್ಸಿನಲ್ಲಿ ಹಾಕಿ ನೋಡಿ: ಚೆಲ್ಲೋ ಕೇಳಿಸಲ್ಲ ಅಂತ ವಾಲ್ಯೂಮ್ ಏರಿಸ್ತೀರಿ, ಬಿರುಗಾಳಿ ಬಂದಾಗ ಕಿವಿ ಹರಿದುಹೋಗುತ್ತೆ. "ಕ್ಲಾಸಿಕಲ್ ನಂಗೆ ಆಗ್ಬರಲ್ಲ" ಅನ್ನೋ ಎಷ್ಟೋ ತೀರ್ಮಾನಗಳು ಅಸಲಿಗೆ ಸ್ಪೀಕರ್ ಮೇಲಿನ ತೀರ್ಮಾನಗಳು.

ಇದರ ವಿಪರೀತದ ಉದಾಹರಣೆ ಚೈಕೋವ್‌ಸ್ಕಿಯ '1812' ಓವರ್ಚರ್. ನೆಪೋಲಿಯನ್ ರಷ್ಯಾದಿಂದ ಸೋತು ಹಿಂದಿರುಗಿದ ಕಥೆ, ಬರೆದದ್ದು 1880ರಲ್ಲಿ, ಮಾಸ್ಕೋದಲ್ಲಿ ಮೊದಲು ನುಡಿಸಿದ್ದು 1882ರಲ್ಲಿ. ಚರ್ಚಿನ ಗಂಟೆಗಳ ಜೊತೆ ಸ್ಕೋರ್‌ನಲ್ಲಿ 16 ಫಿರಂಗಿ ಏಟುಗಳನ್ನ ಬರೆದಿದ್ದಾನೆ. ಚರಿತ್ರೆಯ ದೃಷ್ಟಿಯಿಂದ ಇದರಲ್ಲಿ ಸ್ವಲ್ಪ ಗೋಲ್‌ಮಾಲ್ ಇದೆ, ರಷ್ಯಾದ ಕಡೆಯಿಂದ ಬರೋ ರಾಷ್ಟ್ರಗೀತೆ ರಚನೆಯಾಗಿದ್ದೇ 1833ರಲ್ಲಿ. ಇದು ಬಹಳ ಗದ್ದಲದ ಕೃತಿ, ಪ್ರೀತಿಯಿಂದ ಬರೆದದ್ದಲ್ಲ ಅಂತ ಚೈಕೋವ್‌ಸ್ಕಿಯೇ ಪತ್ರದಲ್ಲಿ ಹೇಳಿಕೊಂಡ. ನನಗೂ ಅದು ಅವನ ಒಳ್ಳೆಯ ಕೃತಿ ಅಂತ ಅನ್ನಿಸಲ್ಲ. ಆದರೆ 1979ರಲ್ಲಿ ಟೆಲಾರ್ಕ್ ಕಂಪನಿ ಸಿನ್ಸಿನಾಟಿ ಆರ್ಕೆಸ್ಟ್ರಾದವರಿಂದ ನುಡಿಸಿ, ನಿಜವಾದ ಫಿರಂಗಿ ಹಾರಿಸಿ, ಡಿಜಿಟಲ್ ಆಗಿ ರೆಕಾರ್ಡ್ ಮಾಡಿ ಎಲ್ಪಿ ತಟ್ಟೆ ಹೊರತಂದಿತು. ತಗ್ಗಿನ ಸದ್ದು ತಟ್ಟೆಯ ತೋಡನ್ನ ಅಗಲಕ್ಕೆ ಓಲಾಡಿಸುತ್ತೆ. ಒಂದೇ ವೇಗದಲ್ಲಿ ಕೊರೆದರೆ ಆವರ್ತನ ಕಡಿಮೆಯಾದಷ್ಟೂ ಓಲಾಟ ದೊಡ್ಡದು. ಆ ತಟ್ಟೆಯಲ್ಲಿ ಫಿರಂಗಿ ಏಟುಗಳು ಬರಿಗಣ್ಣಿಗೆ ಕಾಣ್ತಿದ್ದವು. ಎಷ್ಟೋ ಪ್ಲೇಯರ್‌ಗಳ ಸೂಜಿ ಆ ಜಾಗದಲ್ಲಿ ತೋಡಿನಿಂದ ಎಗರಿ ಬೀಳ್ತಿತ್ತು. ಮೊದಲ ಸಲ ವಾಲ್ಯೂಮ್ ಕಡಿಮೆ ಇಟ್ಟು ಕೇಳಿ ಅಂತ ಕವರಿನ ಮೇಲೆ ಎಚ್ಚರಿಕೆ ಬೇರೆ. ಇಸಿ ಬ್ರಾಂಚಿನವರಿಗೆ ಇದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ಇನ್ನೇನು ಬೇಕು?

ಪರಿಚಯ ಅತಿಯಾದರೆ ಏನಾಗುತ್ತೆ ಅನ್ನೋದನ್ನ ಬೇಥೋವನ್ ಕಡೆಯಿಂದ ಕಲೀಬೇಕು. ಅವನು ಬರೆದದ್ದು ಒಂದೇ ಆಪೆರಾ, 'ಫಿಡೆಲಿಯೋ'. ಅದಕ್ಕೆ ಓವರ್ಚರ್ ನಾಲ್ಕು! 1806ರ ಪ್ರಯೋಗಕ್ಕೆ ಬರೆದ 'ಲಿಯೋನೋರ್ ನಂಬರ್ 3' ಅವುಗಳಲ್ಲಿ ದೊಡ್ಡದು. ಸೆರೆಯಲ್ಲಿರೋ ನಾಯಕನನ್ನ ಇನ್ನೇನು ಕೊಲ್ಲಬೇಕು ಅನ್ನೋವಾಗ ದೂರದಿಂದ ಒಂದು ಕಹಳೆ ಕೇಳಿಸುತ್ತೆ, ಬಿಡುಗಡೆ ಮಾಡಿಸೋ ಮಂತ್ರಿ ಬಂದ ಅಂತ ಗುರುತು. ಇಡೀ ಕಥೆಯ ತುದಿ ಅದು. ಆ ಕಹಳೆಯನ್ನ ಬೇಥೋವನ್ ಓವರ್ಚರ್‌ನಲ್ಲೇ, ವೇದಿಕೆಯ ಹಿಂದಿನಿಂದ, ಎರಡು ಸಲ ಊದಿಸಿಬಿಟ್ಟ. ಹದಿನಾಲ್ಕು ನಿಮಿಷದಲ್ಲಿ ಆಪೆರಾ ಪೂರ್ತಿ ನಡೆದುಹೋದ ಹಾಗಾಗುತ್ತೆ. ಅದಾದ ಮೇಲೆ ಪರದೆ ಎದ್ದು ಜೈಲು ಕಾವಲುಗಾರನ ಮಗಳ ಹಗುರ ಪ್ರಸಂಗ ಶುರುವಾದರೆ ಯಾರಿಗೆ ಬೇಕು? 1814ರಲ್ಲಿ ಅವನು ಅದನ್ನ ಬದಿಗಿಟ್ಟು ಚಿಕ್ಕದಾದ, ಹಗುರವಾದ ಹೊಸ ಓವರ್ಚರ್ ಬರೆದ. ತಾನು ಬರೆದದ್ದರಲ್ಲಿ ಅತ್ಯುತ್ತಮವಾದದ್ದನ್ನ, ಜಾಗ ಸರಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತೆಗೆದಿಡೋದು ಸಣ್ಣ ಮಾತಲ್ಲ. "ಈ ಹಾಡು ಕೇಳಿದ್ರೆ ನಿನ್ ಲೈಫೇ ಚೇಂಜ್ ಆಗುತ್ತೆ" ಅಂತ ಬರೆದು ಕಳಿಸೋ ನಮ್ಮವರು ಇದನ್ನ ನೆನಪಿಡಬೇಕು. ಅಷ್ಟು ಹೇಳಿದ ಮೇಲೆ ಹಾಡಿಗೆ ಮಾಡೋಕೆ ಏನೂ ಉಳಿದಿರಲ್ಲ.

ಇಲ್ಲಿಂದ ರಾಕ್‌ಗೆ ಜಿಗಿಯೋದು ದೊಡ್ಡ ಜಿಗಿತ ಅನ್ನಿಸಬಹುದು, ಆದರೆ ದಾರಿ ಇದೆ. 1960ರ ದಶಕದ ಕೊನೆಗೆ ಇಂಗ್ಲೆಂಡಿನ ಬ್ಯಾಂಡುಗಳಿಗೆ ಮೂರು ನಿಮಿಷದ ಹಾಡು ಸಾಲದಾಯಿತು. ಎಲ್ಪಿ ತಟ್ಟೆಯ ಒಂದು ಬದಿಗೆ ಇಪ್ಪತ್ತು ನಿಮಿಷದ ಚಿಲ್ಲರೆ ಹಿಡಿಸುತ್ತೆ, ಅಷ್ಟು ಜಾಗದಲ್ಲಿ ಒಂದು ಕಥೆಯನ್ನೇ ಹೇಳಬಹುದಲ್ಲ? ಕಥೆ ದೊಡ್ಡದಾದ ತಕ್ಷಣ ಹಳೇ ಪ್ರಶ್ನೆ ಎದುರಾಯಿತು, ಕೇಳುಗರನ್ನ ಒಳಗೆ ಕರೆಯೋದು ಹೇಗೆ. 'ದ ಹೂ' ಬ್ಯಾಂಡ್ 1969ರಲ್ಲಿ 'ಟಾಮಿ' ಅನ್ನೋ ಎರಡು ತಟ್ಟೆಯ ಆಲ್ಬಮ್ ತಂದಾಗ ಮೊದಲ ಟ್ರ್ಯಾಕಿಗೆ ಇಟ್ಟ ಹೆಸರೇ 'ಓವರ್ಚರ್'. ಕಣ್ಣು ಕಾಣದ, ಕಿವಿ ಕೇಳದ, ಮಾತು ಬಾರದ ಹುಡುಗನ ಕಥೆ ಅದು. ಗಿಟಾರ್, ಡ್ರಮ್ಸ್ ಇವೆ, ಜೊತೆಗೆ ಬಾಸ್ ಗಿಟಾರಿಸ್ಟ್ ಜಾನ್ ಎಂಟ್‌ವಿಸ್ಲ್ ತಾನೇ ನುಡಿಸಿದ ಫ್ರೆಂಚ್ ಹಾರ್ನ್ ಕೂಡ ಇದೆ. ಆಲ್ಬಮ್ಮಿನ ಕಡೆಯಲ್ಲಿ ಬರೋ ಧಾಟಿ ಇಲ್ಲಿ ಮೊದಲೇ ತಲೆ ಹಾಕಿ ಹೋಗುತ್ತೆ. ಮೊದಲ ಸಲ ಕೇಳುವಾಗ ಅದು ಬರೀ ಒಂದು ಒಳ್ಳೆ ಟ್ಯೂನ್. ಒಂದು ಗಂಟೆ ಕಳೆದು ಅದು ಮತ್ತೆ ಬಂದಾಗ ಹಳೇ ಪರಿಚಯದವರು ಸಿಕ್ಕ ಹಾಗೆ.

ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' (1973) ಇದನ್ನ ಇನ್ನೂ ಚಿಕ್ಕದಾಗಿ ಮಾಡಿತು. ಮೊದಲ ಟ್ರ್ಯಾಕ್ 'ಸ್ಪೀಕ್ ಟು ಮಿ' ಸುಮಾರು ಒಂದು ನಿಮಿಷ, ಅದರಲ್ಲಿ ರಾಗವೇ ಇಲ್ಲ. ಎದೆಬಡಿತ, ಗಡಿಯಾರದ ಟಿಕ್‌ಟಿಕ್, ಅಂಗಡಿಯ ಗಲ್ಲಾ ಯಂತ್ರ, ಒಂದು ನಗು, ಒಂದು ಕಿರುಚಾಟ. ಎಲ್ಲವೂ ಮುಂದೆ ಬರೋ ಹಾಡುಗಳ ಸದ್ದುಗಳೇ. ಆಮೇಲೆ ನೇರವಾಗಿ ಎರಡನೇ ಹಾಡಿನೊಳಗೆ ಬೀಳುತ್ತೆ. ದಯವಿಟ್ಟು ಇಂಥದ್ದನ್ನ ಶಫಲ್‌ನಲ್ಲಿ ಹಾಕಬೇಡಿ. ಆ್ಯಪ್‌ನಲ್ಲಿ ಗ್ಯಾಪ್‌ಲೆಸ್ ಆನ್ ಮಾಡಿ, ಇಲ್ಲದಿದ್ದರೆ ಆ ಕಿರುಚಾಟ ತುದಿ ಮುಟ್ಟೋ ಹೊತ್ತಿಗೆ ಅರ್ಧ ಸೆಕೆಂಡ್ ಮೌನ ಬಂದು ಮರ್ಯಾದೆ ಹೋಗುತ್ತೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೆ ಒಂದು ಪ್ಲೇ ಅಂತ ಲೆಕ್ಕ. ಆ ಲೆಕ್ಕದಲ್ಲಿ ರೊಸ್ಸಿನಿಯ ಐದು ಚೆಲ್ಲೋ ಇನ್ನೂ ಉಸಿರು ತಗೊಳ್ತಿರ್ತವೆ.

ವೇದಿಕೆಯ ಮೇಲೂ ಓವರ್ಚರ್ ಬದುಕಿದೆ. ಮೆಟಾಲಿಕಾದವರು 1983ರಿಂದ ತಮ್ಮ ಪ್ರದರ್ಶನಕ್ಕೆ ಮುಂಚೆ ಟೇಪಿನಲ್ಲಿ ಹಾಕಿಸೋದು ತಮ್ಮ ಹಾಡನ್ನಲ್ಲ, ಇಟಲಿಯ ಎನ್ನಿಯೋ ಮೊರಿಕೋನೆ 1966ರ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' ಸಿನಿಮಾಕ್ಕೆ ಮಾಡಿದ 'ಎಕ್ಸ್‌ಟಸಿ ಆಫ್ ಗೋಲ್ಡ್' ಅನ್ನ. ಅವರು 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿದ್ದರು. ನಿಮ್ಮ ಸೀನಿಯರ್‌ಗಳ ಸೀನಿಯರ್‌ಗಳಲ್ಲಿ ಯಾರಾದರೂ ಅಲ್ಲಿದ್ದಿರಬಹುದು, ಕೇಳಿ ನೋಡಿ. ಬೇರೆಯವರ ಸಂಗೀತವನ್ನ ತಮ್ಮ ಬಾಗಿಲಿಗೆ ತೋರಣ ಕಟ್ಟೋದು, ಅದೂ ಹಂಚಿಕೊಳ್ಳೋದೇ.

ಹಂಚಿಕೊಳ್ಳೋದರ ಆಚೆ ತುದಿಯಲ್ಲಿ ಕೇಳುಗ ಇದ್ದಾನೆ. ಅವನ ಬಗ್ಗೆ ಒಂದು ನಿಜವಾದ ಕಥೆ ಹೇಳ್ತೀನಿ. ಡೀಪ್ ಪರ್ಪಲ್ ಬ್ಯಾಂಡಿನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ಒಂದು ಪೂರ್ಣ ಕಾನ್ಸರ್ಟೋ ಬರೆದ. ಒಂದು ಕಡೆ ರಾಕ್ ಬ್ಯಾಂಡ್, ಇನ್ನೊಂದು ಕಡೆ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ. 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಮಾಲ್ಕಂ ಆರ್ನಲ್ಡ್ ನಿರ್ದೇಶನದಲ್ಲಿ ಅದು ನಡೆಯಿತು. ಮರುವರ್ಷ ಸ್ಕೋರ್ ಕಳೆದುಹೋಯಿತು. ಬ್ಯಾಕಪ್ ಇರಲಿಲ್ಲ, ಜೆರಾಕ್ಸ್ ಇರಲಿಲ್ಲ. ಉಳಿದದ್ದು ಅವತ್ತಿನ ರೆಕಾರ್ಡಿಂಗ್ ಮತ್ತು ಚಿತ್ರೀಕರಣ ಮಾತ್ರ. ಸುಮಾರು ಮೂವತ್ತು ವರ್ಷದ ನಂತರ ಮಾರ್ಕೋ ದೆ ಗೂಯ್ ಅನ್ನೋ ಡಚ್ ಸಂಗೀತಗಾರ ಆ ಧ್ವನಿಮುದ್ರಣವನ್ನ ಕೇಳಿ ಕೇಳಿ, ವಿಡಿಯೋ ನೋಡಿ ನೋಡಿ, ಯಾವ ವಾದ್ಯ ಯಾವ ಸ್ವರ ನುಡಿಸ್ತಿದೆ ಅಂತ ಒಂದೊಂದಾಗಿ ಬರೆದು ಸ್ಕೋರನ್ನ ಮತ್ತೆ ಕಟ್ಟಿದ. ಅದನ್ನ ಲಾರ್ಡ್ ಕೈಗೆ ಕೊಟ್ಟ. ಲಾರ್ಡ್ ಮತ್ತು ಕಂಡಕ್ಟರ್ ಪಾಲ್ ಮನ್ ಉಳಿದದ್ದನ್ನ ಸರಿಪಡಿಸಿದರು. 1999ರ ಸೆಪ್ಟೆಂಬರ್‌ನಲ್ಲಿ, ಅದೇ ಹಾಲ್‌ನಲ್ಲಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ಡೀಪ್ ಪರ್ಪಲ್ ಅದನ್ನ ಮತ್ತೆ ನುಡಿಸಿತು. ಎಂಬತ್ತು ತೊಂಬತ್ತು ಜನ ಒಟ್ಟಿಗೆ ನುಡಿಸ್ತಿರೋವಾಗ ಎರಡನೇ ಕ್ಲಾರಿನೆಟ್ ಏನು ನುಡಿಸ್ತಿದೆ ಅಂತ ಹಿಡಿಯೋದು ಎಂಥ ಕೆಲಸ ಅಂತ ಯೋಚಿಸಿ. ಸಿಗ್ನಲ್ ಪ್ರೊಸೆಸಿಂಗ್ ಓದ್ತಿರೋರಿಗೆ ಸೋರ್ಸ್ ಸೆಪರೇಶನ್ ಎಷ್ಟು ಕಷ್ಟ ಅಂತ ಗೊತ್ತಿರುತ್ತೆ. ಆತ ಅದನ್ನ ಕಿವಿಯಲ್ಲಿ ಮಾಡಿದ. ಒಬ್ಬ ಕೇಳುಗ ಇಷ್ಟು ಕೇಳಿದ್ದರಿಂದ ಬರೆದವನಿಗೇ ಅವನ ಸಂಗೀತ ವಾಪಸ್ ಸಿಕ್ಕಿತು.

ಕೊನೆಗೆ ನಾನು ಎಲ್ಲರಿಗೂ ಕೇಳಿಸೋ ಕೃತಿ, ಕೆನಡಾದ ರಶ್ ಬ್ಯಾಂಡಿನ '2112'. 1976ರದ್ದು, ಇಪ್ಪತ್ತು ನಿಮಿಷಕ್ಕೂ ಸ್ವಲ್ಪ ಹೆಚ್ಚು, ಏಳು ಭಾಗ, ಮೊದಲನೆಯದು 'ಓವರ್ಚರ್'. ಹಿಂದಿನ ವರ್ಷದ ಆಲ್ಬಮ್ ಓಡಿರಲಿಲ್ಲ. ರೇಡಿಯೋದಲ್ಲಿ ಬರೋಂಥ ಚಿಕ್ಕ ಹಾಡು ಮಾಡಿ ಅಂತ ಕಂಪನಿಯ ಒತ್ತಡ ಇತ್ತು. ಇದು ಕೊನೆಯ ಅವಕಾಶ ಅಂತ ಗೊತ್ತಿದ್ದೂ ಮೂವರು ತಟ್ಟೆಯ ಒಂದು ಬದಿ ಪೂರ್ತಿ ಒಂದೇ ಕೃತಿ ಹಾಕಿದರು. ಅದೇ ಅವರನ್ನ ನಿಲ್ಲಿಸಿತು. ಕಥೆ ಹೀಗಿದೆ: ಪುರೋಹಿತರು ಎಲ್ಲವನ್ನೂ ನಿಯಂತ್ರಿಸೋ ಮುಂದಿನ ಕಾಲದ ಒಂದು ಲೋಕ. ಒಬ್ಬ ಹುಡುಗನಿಗೆ ಜಲಪಾತದ ಹಿಂದಿನ ಗುಹೆಯಲ್ಲಿ ಹಳೆಯ ಗಿಟಾರ್ ಸಿಗುತ್ತೆ. ಅದು ಏನಂತಲೇ ಅವನಿಗೆ ಗೊತ್ತಿಲ್ಲ. ಈ ಭಾಗದಲ್ಲಿ ಅಲೆಕ್ಸ್ ಲೈಫ್‌ಸನ್ ಶ್ರುತಿ ತಪ್ಪಿದ ತಂತಿಗಳನ್ನ ಮೀಟಿ, ಬಿರಟೆ ತಿರುಗಿಸಿ, ನಿಧಾನಕ್ಕೆ ಸ್ವರ ಕೂಡಿಸ್ತಾ ಹೋಗ್ತಾನೆ. ಮೊದಲ ಸಲ ವಾದ್ಯ ಹಿಡಿದವನ ಬೆರಳುಗಳೇ ಅವು. ಹುಡುಗನಿಗೆ ಎಲ್ಲಿಲ್ಲದ ಖುಷಿ. ಇದನ್ನ ಎಲ್ಲರಿಗೂ ಕೇಳಿಸಬೇಕು ಅಂತ ಪುರೋಹಿತರ ಹತ್ತಿರ ಓಡ್ತಾನೆ. ಅವನು ಮಾತಾಡೋವಾಗ ಸಂಗೀತ ಮೆತ್ತಗೆ, ಅವರು ಉತ್ತರ ಕೊಡೋವಾಗ ಕಬ್ಬಿಣದಂತೆ ಗಡಸು. ಅವರಿಗೆ ಅದು ಬೇಡ, ಇಂಥ ಹಳೇ ಆಟಿಕೆಗಳಿಂದ ಏನೂ ಉಪಯೋಗ ಇಲ್ಲ ಅಂತ ಗಿಟಾರನ್ನ ಪುಡಿ ಮಾಡ್ತಾರೆ. ಮುಂದಿನದ್ದು ಸುಖದ ಕಥೆಯಲ್ಲ.

ಈ ಕೃತಿಯ ಓವರ್ಚರ್ ಮುಗಿಯೋ ಹೊತ್ತಿಗೆ ಲೈಫ್‌ಸನ್‌ನ ಗಿಟಾರಿನಲ್ಲಿ ಒಂದು ಪರಿಚಿತ ಧಾಟಿ ಹಾದುಹೋಗುತ್ತೆ, ಹಿಂದೆಯೇ ಒಂದು ಸ್ಫೋಟ. ಚೈಕೋವ್‌ಸ್ಕಿಯ '1812'! ನಮ್ಮ ವಿಂಗಿನಲ್ಲಿ ಭಾನುವಾರ ರಾತ್ರಿ ಊಟ ಆದಮೇಲೆ ಒಬ್ಬರು ಒಂದೇ ಒಂದು ಕೃತಿ ಕೇಳಿಸೋ ಪದ್ಧತಿ ಇತ್ತು. ನಿಯಮ ಎರಡೇ: ಕೇಳಿಸೋರು ಮುಂಚೆ ಒಂದೇ ವಾಕ್ಯ ಹೇಳಬೇಕು, ನಡೆಯೋವಾಗ ಯಾರೂ ಫೋನ್ ಮುಟ್ಟಬಾರದು. ಹಿಂದಿನ ವಾರ '1812' ಕೇಳಿದ್ದವರು ಮುಂದಿನ ವಾರ '2112' ಕೇಳುವಾಗ ಆ ಕ್ಷಣಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏನೂ ಹೇಳಲಿಲ್ಲ, ನಿಯಮ ಇತ್ತಲ್ಲ. ಕಂಬಳಿ ಹೊದ್ದು ಮೂಲೆಯಲ್ಲಿದ್ದ ಸಿವಿಲ್ ಹುಡುಗ ಮಾತ್ರ ಎದ್ದು ಕೂತ. ಅಲ್ಲಿವರೆಗೆ ಅವನು ಬರ್ತಿದ್ದದ್ದು ಕಡಲೆಬೀಜಕ್ಕೆ.

ಆ ಒಂದು ವಾಕ್ಯದ ನಿಯಮ ಬಹಳ ಕೆಲಸ ಮಾಡಿತು. "ಇದು ಗ್ರೇಟ್" ಅನ್ನೋದು ವಾಕ್ಯ ಅಲ್ಲ ಅಂತ ಬೇಗ ಗೊತ್ತಾಯಿತು. ಅದು ಕೇಳೋರ ಕಿವಿಗೆ ಏನನ್ನೂ ಕೊಡಲ್ಲ, ಒಪ್ಪದಿದ್ದರೆ ನೀನು ದಡ್ಡ ಅನ್ನೋ ಬೆದರಿಕೆ ಬೇರೆ. "ಐದು ಚೆಲ್ಲೋ ಮಾತ್ರ ಇರುತ್ತೆ, ಉಳಿದವರು ಯಾವಾಗ ಸೇರ್ತಾರೆ ನೋಡು", "ಈ ಟ್ಯೂನ್ ನೆನಪಿಟ್ಕೋ, ಕೊನೆಗೆ ಬರುತ್ತೆ", "ಗಿಟಾರ್ ಶ್ರುತಿ ತಪ್ಪಿರೋದು ಬೇಕಂತಲೇ", ಇಂಥವು ಕೆಲಸ ಮಾಡಿದವು. ಇಷ್ಟ ಆಗದೇ ಇದ್ದವರೂ ಯಾವುದು ಇಷ್ಟ ಆಗಲಿಲ್ಲ ಅಂತ ಬೆರಳಿಟ್ಟು ತೋರಿಸೋಕೆ ಶುರು ಮಾಡಿದರು. ಹುಬ್ಬಳ್ಳಿಯ ಒಬ್ಬ '1812' ಬರೀ ದೀಪಾವಳಿ ಪಟಾಕಿ ಅಂದ. ಚೈಕೋವ್‌ಸ್ಕಿ ಒಪ್ಪಿಕೊಳ್ತಿದ್ದ ಅಂತ ನನ್ನ ಅಂದಾಜು.

ಈ ಭಾನುವಾರ ಮಾಡಿ ನೋಡೋರಿಗೆ ಅನುಕ್ರಮ ಹೇಳಿಬಿಡ್ತೀನಿ. ಮೊದಲು ಮೆಂಡೆಲ್ಸನ್‌ನ 'ಹೆಬ್ರಿಡೀಸ್', ಯಾಕಂದ್ರೆ ಅದು ಚಿಕ್ಕದು ಮತ್ತು ಒಂದೇ ತುಣುಕನ್ನ ಹಿಂಬಾಲಿಸಿದರೆ ಸಾಕು. ಆಮೇಲೆ 'ವಿಲಿಯಮ್ ಟೆಲ್', ಪೂರ್ತಿ ಹನ್ನೆರಡು ನಿಮಿಷ, ಜಿಗಿಯೋ ಹಾಗಿಲ್ಲ. ಚಹಾ ಕುಡಿದು 'ಟಾಮಿ'ಯ ಓವರ್ಚರ್. ಕೊನೆಗೆ '2112'. ಎಲ್ಲ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತೆ. ಸ್ಪೀಕರ್ ಯಾರ ರೂಮಿನದು ದೊಡ್ಡದೋ ಅಲ್ಲಿ ಸೇರಿ, ವಾಲ್ಯೂಮನ್ನ ಬಿರುಗಾಳಿಗೆ ಹೊಂದಿಸಿ ಇಡಿ, ಚೆಲ್ಲೋಗಳಿಗಲ್ಲ. ಮುಂದಿನ ವಾರ ಕೇಳಿಸೋ ಸರದಿ ಸುಮ್ಮನೆ ಕೂತಿದ್ದವರದ್ದು. ಅವರು ರಾಜ್‌ಕುಮಾರ್ ಹಾಡು ತಂದರೂ ಸರಿ, ಬಸವರಾಜ ರಾಜಗುರು ಅವರ ವಚನ ತಂದರೂ ಸರಿ, ಒಂದು ವಾಕ್ಯ ಮಾತ್ರ ಅವರೇ ಯೋಚಿಸಿಕೊಂಡು ಬರಬೇಕು.